ಬೀಕರಿನಲ್ಲಿ ಹಿಡಿದ ಲೋಹ ಕಾಲಮ್ಮಿನಲ್ಲಿ ಯಾಕೆ ಸೋರುತ್ತದೆ?

ನೀವು ಕೇಳಿದ್ದು ಇಷ್ಟು: ಬೀಕರಿನಲ್ಲಿ ರೆಸಿನ್ (ನೀರಿನಲ್ಲಿ ಕರಗಿದ ಲೋಹದ ಅಯಾನುಗಳನ್ನು, ಅಂದರೆ ಚಾರ್ಜ್ ಇರುವ ಕಣಗಳನ್ನು, ಹಿಡಿಯುವ ಪುಟ್ಟ ಮಣಿಗಳು) ಹಾಕಿ ಅಲ್ಲಾಡಿಸಿದಾಗ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಎಂಬ ಎರಡೂ ಲೋಹ ಚೆನ್ನಾಗಿ ಅಂಟಿಕೊಂಡವು. ಅದೇ ರೆಸಿನ್ ಕಾಲಮ್ಮಿಗೆ (ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಗೆ) ತುಂಬಿ, ಬೋರ್‌ವೆಲ್ ನೀರಿನಲ್ಲಿ ಮಾಡಿದ ದ್ರಾವಣ ಬಿಟ್ಟರೆ ಅರ್ಧ ಗಂಟೆಗೇ ಲೋಹ ಕೆಳಗೆ ಸೋರುತ್ತಿದೆ. ಎರಡು ಲೋಹ ಬೇರೆಯೂ ಆಗುತ್ತಿಲ್ಲ.

ಮೊದಲು ಕಾಲಮ್ಮಿಗೆ ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಗಾಳಿ ಗುಳ್ಳೆ ಕಂಡರೆ ಅರ್ಧ ಉತ್ತರ ಅಲ್ಲೇ ಇದೆ. ನೀರು ಜಾಣ, ಸುಲಭದ ಸಂದಿ ಹಿಡಿದು ಇಳಿದುಬಿಡುತ್ತದೆ. ಮುಕ್ಕಾಲು ಪಾಲು ರೆಸಿನ್ ಸುಮ್ನೆ ಕೂತಿರುತ್ತದೆ. ನಾನು ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಒಣ ರೆಸಿನ್ ತುಂಬಿ ನೀರು ಬಿಟ್ಟಿದ್ದೆ. ಅದು ಉಬ್ಬಿ ಗಾಜಿನ ಕೊಳವೆಯೇ ಬಿರುಕು ಬಿಟ್ಟಿತು! ರಾತ್ರಿಯೇ ನೆನೆಹಾಕಿ, ನೀರಿನ ಜೊತೆ ಗಂಜಿಯ ಹಾಗೆ ಸುರಿಯಿರಿ. ನೀರಿನ ಮಟ್ಟ ರೆಸಿನ್‌ಗಿಂತ ಕೆಳಗೆ ಇಳಿಯಲೇಬಾರದು.

ಬೋರ್‌ವೆಲ್ ನೀರು ಬೇಡ. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್‌ನಲ್ಲಿ ಇರುವುದೂ ಇದೇ ಜಾತಿಯ ರೆಸಿನ್, ಅಲ್ವಾ? ಕ್ಯಾಲ್ಸಿಯಂ ಹಿಡಿಯುವುದೇ ಅದರ ಕೆಲಸ. ಮೂರು ಚಾರ್ಜಿನ ನಿಮ್ಮ ಲೋಹಕ್ಕೆ ಹಿಡಿತ ಜಾಸ್ತಿ, ನಿಜ. ಆದರೆ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂನ ಗುಂಪು ದೊಡ್ಡದಿದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ.

ಇನ್ನು ಬೇರ್ಪಡಿಸುವ ವಿಷಯ. ಲೋಹ ಅಂಟಿಕೊಳ್ಳುವಾಗ ಬೇರ್ಪಡುತ್ತದೆ ಅಂದುಕೊಂಡಿದ್ದೀರಿ. ಹಾಗಲ್ಲ, ಬಿಡಿಸುವಾಗ ಬೇರ್ಪಡುತ್ತದೆ. ನಿಮ್ಮ ಎರಡು ಲೋಹ ಸೇರಿರುವ ಸಾಲಿನಲ್ಲಿ ಲ್ಯಾಂಥನಂನಿಂದ ಲುಟೀಷಿಯಂವರೆಗೆ ಹದಿನೈದು ಲೋಹ ದಾಟಿದರೂ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್‌ನಿಂದ 86ಕ್ಕೆ ಇಳಿಯುತ್ತದೆ, ಅಷ್ಟೇ. ಅಕ್ಕಪಕ್ಕದ ಎರಡರ ವ್ಯತ್ಯಾಸ ರೆಸಿನ್‌ಗೆ ಗೊತ್ತೇ ಆಗುವುದಿಲ್ಲ ಎನ್ನಬಹುದು. ಆದರೆ ಸಿಟ್ರೇಟ್ ಅಥವಾ ಆಲ್ಫಾ ಹೈಡ್ರಾಕ್ಸಿ ಐಸೋಬ್ಯುಟಿರಿಕ್ ಆಮ್ಲದ ದ್ರಾವಣವನ್ನು ಮೇಲಿನಿಂದ ಹರಿಸಿದರೆ ಅದು ಚಿಕ್ಕ ಅಯಾನನ್ನು ಸ್ವಲ್ಪ ಬಿಗಿಯಾಗಿ ಹಿಡಿದು ಎಳೆಯುತ್ತದೆ. ಇಳಿಯುವ ದಾರಿಯುದ್ದಕ್ಕೂ ಹತ್ತುವುದು, ಬಿಡುವುದು ನಡೆದೇ ಇರುತ್ತದೆ. ಪ್ರತಿ ಸಲ ಕೂದಲೆಳೆಯಷ್ಟು ಅಂತರ ಬೆಳೆಯುತ್ತದೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ 1945ರಲ್ಲಿ ಇದೇ ಸಾಲಿನ ಪ್ರೊಮಿಥಿಯಂ ಲೋಹದ ಗುರುತು ಸಿಕ್ಕಿದ್ದೂ ರೆಸಿನ್ ಕಾಲಮ್ಮಿನಿಂದಲೇ.

ಹಾಗಾಗಿ ಕಾಲಮ್ ಪೂರ್ತಿ ಲೋಹ ತುಂಬಿದ್ದೇ ನಿಮ್ಮ ದೊಡ್ಡ ತಪ್ಪು. ಮೇಲಿನ ಒಂದೆರಡು ಇಂಚಿಗೆ ಮಾತ್ರ ಲೋಹ ಹತ್ತಿಸಿ, ಉಳಿದದ್ದನ್ನು ಓಡಲು ಖಾಲಿ ಬಿಡಿ. ಪಿಎಚ್ ಕದಲದಂತೆ ನೋಡಿಕೊಳ್ಳಿ, ಹನಿ ಹನಿಯಾಗಿ ಬಿಡಿ, ಟ್ಯೂಬುಗಳಲ್ಲಿ ಸಾಲಾಗಿ ಹಿಡಿಯಿರಿ. ಮೊದಲು ನಿಯೋಡಿಮಿಯಂ ಗುಲಾಬಿ-ನೇರಳೆಯಾಗಿ ಬರುತ್ತದೆ, ಕೊನೆಗೆ ಪ್ರೇಸಿಯೋಡಿಮಿಯಂ ತಿಳಿ ಹಸಿರಾಗಿ. ನಡುವಿನ ಟ್ಯೂಬುಗಳು ಕಲಬೆರಕೆ, ಅವನ್ನು ಇನ್ನೊಂದು ಸುತ್ತಿಗೆ ಎತ್ತಿಡಿ. ಬಣ್ಣ ನೋಡುವಾಗ ಕಿಟಕಿ ಹತ್ತಿರ ಹೋಗಿ. ಟ್ಯೂಬ್‌ಲೈಟ್ ಕೆಳಗೆ ನಿಯೋಡಿಮಿಯಂ ಬೇರೆಯೇ ಬಣ್ಣಕ್ಕೆ ತಿರುಗಿ ಮೋಸ ಮಾಡುತ್ತದೆ.