ಫಾದರ್ ಆಗುವ ಮೊದಲಿನ ಕಾಕಾ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು ಬೀದರ್ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕರು, ವಯಸ್ಸು 38. ಎಂಟು ತಿಂಗಳ ಹಿಂದೆ ಅವರ ಕಾಕಾ (ಚಿಕ್ಕಪ್ಪ) ತೀರಿಕೊಂಡಿದ್ದರು. ಕಾಕಾ ಕ್ಯಾಥೋಲಿಕ್ ಗುರು (ಪಾದ್ರಿ), ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಬಂದವರು ಹೇಳಿದ ದೂರು ನಿದ್ದೆಯದು: ರಾತ್ರಿ ಹಾಸಿಗೆಯಲ್ಲಿ ಕಾಕಾನ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳನ್ನು ಒಂದಾದ ಮೇಲೊಂದು ಕೇಳುತ್ತ ಎರಡು ಗಂಟೆಯಾಗುತ್ತದೆ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯು-9ರಲ್ಲಿ ಅಂಕ 11, ಅಂದರೆ ಮಧ್ಯಮ. ಸಾಯುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಹಾಕಿದ್ದರು. ಕಾಗದದ ಸೊನ್ನೆಯನ್ನೇ ನಂಬಿ ಕೂರಬಾರದು. ಬಾಯಿಬಿಟ್ಟು ಕೇಳಿದೆವು, ಇಲ್ಲ ಎಂದರು. ಶೋಕ ಕಾಯಿಲೆಯ ಮಟ್ಟಕ್ಕೆ ಹೋಗಿದೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿ ಐಸಿಡಿ-11 ಪ್ರಕಾರ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5-ಟಿಆರ್ ಪ್ರಕಾರ ದೊಡ್ಡವರಿಗೆ 12 ತಿಂಗಳು ಆಗಿರಬೇಕು. ಆದರೆ ತಿಂಗಳ ಲೆಕ್ಕವೊಂದೇ ಸಾಲದು, ದಿನದ ಬದುಕೂ ಕೆಟ್ಟಿರಬೇಕು. ಇವರ ಊಟ, ಪಾಠ ಎರಡೂ ನಡೆದಿದ್ದವು. ಕಾಯಿಲೆಯ ಹೆಸರು ಹಚ್ಚಲಿಲ್ಲ. ವರ್ಷ ತುಂಬಿದ ಮೇಲೆ ಮತ್ತೆ ನೋಡುವುದು ಎಂದು ಬರೆದುಕೊಂಡೆವು. ರಾತ್ರಿ ತಡೆಯಲಾರದಷ್ಟು ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲು ಹೇಳಿದೆವು.

ಮಾತಾಡುತ್ತ ಹೋದಂತೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಕಂಡಿತು. ಅಂತ್ಯಕ್ರಿಯೆಯಲ್ಲಿ ಮಂದಿ ಸಾಂತ್ವನ ಹೇಳಿದ್ದು ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ). ಮನೆಯವರು ಎರಡನೇ ಸಾಲಿನಲ್ಲಿ ಕೂತಿದ್ದರು. ಸಾಮಾನ್ಯ ಭಕ್ತರ ಶವಪೆಟ್ಟಿಗೆಯನ್ನು ಕಾಲು ಬಲಿಪೀಠದ ಕಡೆ ಇರುವಂತೆ ಇಡುವುದು ರೂಢಿ. ಗುರುಗಳದ್ದಾದರೆ ತಲೆ ಪೀಠದ ಕಡೆ, ಪೂಜೆಗೆ ನಿಂತಾಗಿನ ಹಾಗೆ ಮುಖ ಜನರ ಕಡೆ. ಇದು ಇವರಿಗೆ ಚುಚ್ಚಿತ್ತು: "ಸತ್ತ ಮ್ಯಾಲೂ ಮಂದಿ ಕಡೀನೇ ಮಕ ಮಾಡಿ ಮಲಗಿಸಿದ್ರರೀ." ಅಳಬೇಕೆಂದರೆ "ದೇವರ ಮನಷ್ಯಾ, ಅಳಬಾರದು" ಎನ್ನುವವರೇ ಎಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಯಾರಿಗೆ ಏನು ಹೋಯಿತು ಎಂದು ಕೇಳುವವರೇ ಇಲ್ಲ. ಮಂದಿ ಲೆಕ್ಕಕ್ಕೆ ಹಿಡಿಯದ ಇಂಥ ಶೋಕಕ್ಕೆ ಅಮೆರಿಕದ ಶೋಕ ತಜ್ಞ ಕೆನೆತ್ ಡೋಕಾ 1989ರಲ್ಲೇ ಪ್ರತ್ಯೇಕ ಹೆಸರು (ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್) ಕೊಟ್ಟಿದ್ದಾರೆ. ಗುರುಗಳ, ಕನ್ಯಾಸ್ತ್ರೀಯರ ಮನೆಯವರಲ್ಲಿ ಇದನ್ನು ಮೊದಲೇ ಹುಡುಕಬೇಕು. ಅವರು ತಾವಾಗಿ ಹೇಳುವುದಿಲ್ಲ.

ಮೊದಲು ಧ್ವನಿ ಸಂದೇಶಗಳ ಕೆಲಸ. ಫೋನ್ ಕೆಟ್ಟರೆ ದನಿ ಹೋಗಿಬಿಡುತ್ತದೆ ಎಂಬ ಹೆದರಿಕೆಯೇ ಅರ್ಧ ನಿದ್ದೆ ಕೆಡಿಸಿತ್ತು. ಮೀಡಿಯಾ ಸಮೇತ ಚಾಟ್ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಪೆನ್‌ಡ್ರೈವ್‌ಗೆ, ಇನ್ನೊಂದು ಗೂಗಲ್ ಡ್ರೈವ್‌ಗೆ ಹಾಕಿಸಿದೆವು. ಹಾಕಿದ ಮೇಲೆ ನಾಲ್ಕೈದು ಕಡತ ತೆರೆದು ಕೇಳಿ ನೋಡಬೇಕು. ಎಷ್ಟೋ ಸಲ ಬರೀ ಅಕ್ಷರ ಬಂದು ದನಿ ಬಂದಿರುವುದಿಲ್ಲ. ಆಮೇಲೆ ನಿಯಮ: ಸಂಜೆ ಏಳೂವರೆಗೆ, ಕುರ್ಚಿಯಲ್ಲಿ ಕೂತು, 20 ನಿಮಿಷ. ಹಾಸಿಗೆಗೆ ಫೋನ್ ಬೇಡ. ಪೂರ್ತಿ ಬಿಡಿ ಎಂದಿದ್ದರೆ ಕದ್ದು ಕೇಳುತ್ತಿದ್ದರು.

ಇನ್ನು ಸಾಮಾನು. ಹೊಸ ಗುರುಗಳು ಬರುವುದರಿಂದ ಕೋಣೆ ವಾರದೊಳಗೆ ಖಾಲಿಯಾಗಿತ್ತು. ಕಾಕಾ ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ ಪ್ರದೇಶದ) ಗುರುವೋ, ಧಾರ್ಮಿಕ ಸಭೆಯೊಂದರ (ವ್ರತ ತೊಟ್ಟು ಬಾಳುವವರ ಸಂಘದ) ಸದಸ್ಯರೋ ಎಂದು ಮೊದಲು ಕೇಳಿಕೊಳ್ಳಬೇಕು. ಸಭೆಯವರು ಬಡತನದ ವ್ರತ ತೊಟ್ಟಿರುತ್ತಾರೆ, ಅವರದ್ದು ಸಾಮಾನ್ಯವಾಗಿ ಸಭೆಗೆ ಸೇರುತ್ತದೆ. ಧರ್ಮಪ್ರಾಂತ್ಯದ ಗುರುಗಳಿಗೆ ಆ ವ್ರತವಿಲ್ಲ. ಸ್ವಂತ ವಸ್ತು ಇರಬಹುದು, ಉಯಿಲೂ ಇರಬಹುದು. ಕಾಕಾ ಧರ್ಮಪ್ರಾಂತ್ಯದವರೇ. "ಅವರ ಸಾಮಾನೆಲ್ಲ ಕೊಡಿ" ಎಂದು ಬರೆದರೆ ಪತ್ರ ಮೂಲೆ ಸೇರುತ್ತದೆ. ಮೂರೇ ವಸ್ತು ಹೆಸರಿಸಿ, ತಮ್ಮ ಸಂಬಂಧ ಬರೆದು, ಧರ್ಮಕೇಂದ್ರದ (ಅಲ್ಲಿನ ಚರ್ಚಿನ) ಗುರುಗಳಿಗೆ ಕೊಡಲು ಹೇಳಿದೆವು: ಕನ್ನಡಕ, ಕಂಪಾಸ್ ಪೆಟ್ಟಿಗೆ, ಪಾಠದ ಟಿಪ್ಪಣಿ ಪುಸ್ತಕ. ಪೂಜಾಪಾತ್ರೆ, ನೋಂದಣಿ ಪುಸ್ತಕ, ಬೇರೆಯವರು ಅವರಿಗೆ ಬರೆದ ಪತ್ರ ಕೇಳಬಾರದು. ಕನ್ನಡಕ ಸಿಗಲಿಲ್ಲ. ಟಿಪ್ಪಣಿ ಪುಸ್ತಕ ಬಂತು. ಪ್ರತಿ ಲೆಕ್ಕದ ಕೆಳಗೆ ಹಸಿರು ಶಾಯಿಯಲ್ಲಿ "ತಾಳೆ ನೋಡು" ಎಂದಿತ್ತು.

ಹಳೆಯ ವಿದ್ಯಾರ್ಥಿಗಳ ನೆನಪು ಸೇರಿಸಿ ಮೊದಲ ವರ್ಷಕ್ಕೇ ಸ್ಮರಣ ಸಂಚಿಕೆ ತರುವ ಹುಮ್ಮಸ್ಸು ಇವರದು. ಬೇಡ ಎಂದೆವು. ಮುದ್ರಣದ ಗಡುವು ಹಿಡಿದು ಓಡುವವರು ಪುಸ್ತಕ ಬಿಡುಗಡೆಯ ಮರುದಿನ ಕುಸಿಯುತ್ತಾರೆ. ಅದಲ್ಲದೆ ವಿದ್ಯಾರ್ಥಿಗಳ ಬಗ್ಗೆ ಇವರಿಗೆ ಹೊಟ್ಟೆಕಿಚ್ಚು ಇತ್ತು: ಅವರಿಗೆ ವರ್ಷವಿಡೀ ಸಿಕ್ಕ ಕಾಕಾ ಇವರಿಗೆ ಕ್ರಿಸ್ಮಸ್ ಮುಗಿದ ಮೇಲೆ ಮೂರು ದಿನ, ಮೇ ತಿಂಗಳಲ್ಲಿ ಒಂದು ವಾರ. ವಾರಕ್ಕೆ ಒಬ್ಬರನ್ನೇ ಭೇಟಿಯಾಗಿ, ಯಾವ ಇಸವಿ, ಯಾವ ತರಗತಿ, ಏನು ಮಾಡಿಸಿದರು ಎಂದಷ್ಟೇ ಕೇಳಿ ಹತ್ತು ನಿಮಿಷ ರೆಕಾರ್ಡ್ ಮಾಡಲು ತಿಳಿಸಿದೆವು. ಗ್ರೂಪಿನಲ್ಲಿ ಕೇಳಿದರೆ ಬರುವುದು ಕೈಮುಗಿದ ಚಿತ್ರಗಳು ಮಾತ್ರ.

ಕಳಿಸದ ಪತ್ರ ಬರೆಯುವ ಅಭ್ಯಾಸ ಮೊದಲ ಸಲ ಕೆಟ್ಟಿತು. "ಪೂಜ್ಯ ಫಾದರ್, ತಾವು ಸಲ್ಲಿಸಿದ ಸೇವೆ" ಎಂದು ಎರಡು ಪುಟ ತಂದರು; ಶ್ರದ್ಧಾಂಜಲಿ ಸಭೆಯ ಭಾಷಣ. ಮನೆಯಲ್ಲಿ ಏನಂತ ಕರೀತಿದ್ರಿ ಎಂದು ಕೇಳಿದಾಗ ವಿಷಯ ಸಿಕ್ಕಿತು. ಇವರಿಗೆ ಏಳು ವರ್ಷವಾದಾಗ ಕಾಕಾನ ಗುರುದೀಕ್ಷೆ ಆಯಿತು. ಅಂದೇ ಅಜ್ಜಿ, "ಇನ್ನ ಮ್ಯಾಲ ನೀ ಅನ್ನಬ್ಯಾಡ, ಫಾದರ್ ಅನ್ನು" ಎಂದಿದ್ದರಂತೆ. ಎರಡನೇ ಪತ್ರ ಮನೆಯ ಮಾತಿನಲ್ಲಿ, "ಕಾಕಾ, ನೀ" ಎಂದು ಶುರುವಾಗಬೇಕು, ಒಂದು ಪುಟ ಮೀರಬಾರದು ಎಂದು ಹೇಳಿದೆವು. ಅರ್ಧ ಪುಟ ಬರೆದರು, ಓದುವಾಗ ಅತ್ತರು.

ನವೆಂಬರ್ 2, ಸತ್ತವರಿಗಾಗಿ ಪ್ರಾರ್ಥಿಸುವ ಸಕಲ ಆತ್ಮಗಳ ದಿನದ ಪೂಜೆಯಲ್ಲಿ ಅವರು ಫಾದರೇ. ಪೂಜೆಯ ಕೋರಿಕೆಯಲ್ಲಿ ಹೆಸರು ಸೇರಿಸಲು ಮುಂಚೆಯೇ ಕಚೇರಿಯಲ್ಲಿ ಬರೆಸಲು ಹೇಳಿದೆವು. ವರ್ಷದ ದಿನ ಪೂಜೆ ಮುಗಿಸಿ ಮನೆಯವರಷ್ಟೇ ಊಟಕ್ಕೆ ಕೂತಾಗ ಫಾದರ್ ಅನ್ನದೆ, ಅಜ್ಜಿ ಇಟ್ಟ ಮನೆಯ ಹೆಸರೇ ಬಳಸುವುದೆಂದು ಮನೆಯಲ್ಲಿ ಒಪ್ಪಿಕೊಂಡಿದ್ದಾರೆ. ಐದನೇ ಭೇಟಿಗೆ ಪಿಎಚ್‌ಕ್ಯು-9 ಅಂಕ 6ಕ್ಕೆ ಇಳಿದಿತ್ತು. ವರ್ಷದ ಪೂಜೆಯಾದ ಎರಡು ವಾರಕ್ಕೆ ಮತ್ತೆ ಬರುತ್ತಾರೆ.