ಬೇರೆ ಕಂಪನಿ ಪೇಂಟಲ್ಲಿ ನಮ್ಮ ಗೋಡೆ ಬಣ್ಣ ಸಿಗ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮ ಹಾಲ್‌ಗೆ ನಾಲ್ಕು ವರ್ಷದ ಹಿಂದ ಒಂದು ಕಂಪನೀದು ತಿಳಿ ಕೆನೆ ಬಣ್ಣ ಹಚ್ಚಿಸಿದ್ವಿ. ಈಗ ಇನ್ವರ್ಟರ್ ವೈರಿಂಗ್ ಅಂತ ಟಿವಿ ಕಡೆ ಗೋಡೆ ಕೊರೆದು ಸಿಮೆಂಟ್ ಮೆತ್ತಿ ಹೋಗ್ಯಾರ. ಉಳಿದ ಡಬ್ಬಿ ಒಣಗಿ ಕಲ್ಲಾಗೇತಿ, ಶೇಡ್ ನಂಬರ್ ಮಾತ್ರ ಬರ್ದಿಟ್ಟೀನಿ. ನಮ್ಮ ಹತ್ರದ ಅಂಗಡ್ಯಾಗ ಬೇರೆ ಕಂಪನೀದಷ್ಟ ಐತಿ, ಅವರು "ನಂಬರ್ ಹೇಳ್ರಿ ಅಕ್ಕಾ, ಕಂಪ್ಯೂಟರ್‌ನ್ಯಾಗ ಎಲ್ಲಾ ಕಂಪನೀದೂ ಬರ್ತೈತಿ, ಸೇಮ್ ಮಾಡಿ ಕೊಡ್ತೀವಿ" ಅಂತಾರ. ಪೇಂಟರ್ ನೋಡಿದ್ರ "ಅದು ಆಗಂಗಿಲ್ರಿ, ಪೂರ್ತಿ ಹಾಲ್ ಹೊಸದಾಗಿ ಹೊಡಸ್ರಿ" ಅಂತಾನ. ಯಾರ ಮಾತು ಕೇಳ್ಲಿ?
ಗೃಹಿಣಿ, ಕೊಪ್ಪಳ

ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳ್ರಿ ಅಕ್ಕಾರೆ. ಪೂರ್ತಿ ಹಾಲ್ ಹೊಡಿಸೋ ಖರ್ಚು ಬೇಕಾಗಿಲ್ಲ, ಹಂಗಂತ ನಂಬರ್ ಹೇಳಿ ಡಬ್ಬಿ ತಂದು ಕೊರೆದ ಜಾಗಕ್ಕಷ್ಟೇ ಹಚ್ಚಿದ್ರೆ ಟಿವಿ ಪಕ್ಕ ಒಂದು ಪಟ್ಟಿ ಎದ್ದು ಕಾಣ್ತದೆ, ದಿನಾ ಕಣ್ಣಿಗೆ ಚುಚ್ಚುತದೆ.

ನಂಬರ್ ಅಂದ್ರೆ ಏನು ಅಂತ ಮೊದ್ಲು ಹೇಳ್ತೀನಿ. ಏಷ್ಯನ್, ಬರ್ಜರ್, ನೆರೋಲಾಕ್, ಡ್ಯುಲಕ್ಸ್, ಈಗ 2024ರಲ್ಲಿ ಬಂದ ಬಿರ್ಲಾ ಓಪಸ್, ಎಲ್ಲರದ್ದೂ ಅವರವರದೇ ಬೇಸ್, ಅವರವರದೇ ಕಲರೆಂಟ್, ಅಂದ್ರೆ ಬಣ್ಣ ಕೊಡೋ ದ್ರವ. ಬೇಸ್ ಅಂದ್ರೆ ಡಬ್ಬೀಲಿ ಮೊದಲೇ ಇರೋ ಬಿಳಿ ಪೇಂಟ್, ಅದಕ್ಕೆ ಮಿಕ್ಸಿಂಗ್ ಮಶೀನು ಹಳದಿ ಇಷ್ಟು, ಕಪ್ಪು ಇಷ್ಟು, ರೆಡ್ ಆಕ್ಸೈಡ್ ಇಷ್ಟು ಅಂತ ಹನಿ ಲೆಕ್ಕದಲ್ಲಿ ಬಿಡ್ತದೆ. ಶೇಡ್ ನಂಬರ್ ಅನ್ನೋದು ಆ ಹನಿ ಲೆಕ್ಕದ ಹೆಸರು ಅಷ್ಟೇ, ಅದು ಆ ಕಂಪನಿ ಬೇಸ್‌ಗೆ ಮಾತ್ರ ಹೊಂದೋದು. ಬೇಸ್‌ನಲ್ಲಿರೋ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಒಂದು ಕಂಪನೀಲಿ ಜಾಸ್ತಿ ಇನ್ನೊಂದರಲ್ಲಿ ಕಮ್ಮಿ ಇದ್ರೆ ಅದೇ ಹನಿ ಹಾಕಿದ್ರೂ ಬಣ್ಣ ಒಂದು ಕಡೆ ತಿಳಿ ಒಂದು ಕಡೆ ಗಾಢ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಕೆಲವು ಸಾಫ್ಟ್‌ವೇರ್‌ನಲ್ಲಿ ಬೇರೆ ಕಂಪನಿ ನಂಬರಿಗೆ ಹತ್ತಿರದ ಫಾರ್ಮುಲಾ ಇರ್ತದೆ. ಆದ್ರೆ ಅದು ಆ ಕಂಪನಿ ಶೇಡ್ ಕಾರ್ಡ್ ನೋಡಿ ಮಾಡಿದ್ದು, ನಾಲ್ಕು ವರ್ಷ ಬಿಸಿಲು, ಧೂಳು, ಅಡುಗೆ ಹೊಗೆ, ಊದಿನಕಡ್ಡಿ ಹೊಗೆ ಕುಡಿದಿರೋ ನಿಮ್ಮ ಗೋಡೆ ನೋಡಿ ಮಾಡಿದ್ದಲ್ಲ. ಅದೇ ಕಂಪನಿ ಅದೇ ನಂಬರ್ ಡಬ್ಬಿ ಇವತ್ತು ತಂದ್ರೂ ಹಳೇ ಗೋಡೆ ಮೇಲೆ ಸ್ವಲ್ಪ ಬೇರೆ ಕಾಣೋದೇ.

ಅದಕ್ಕೇ ನಂಬರ್ ಬಿಟ್ಟು ಗೋಡೆ ತುಂಡನ್ನೇ ಅಂಗಡಿಗೆ ಒಯ್ರಿ. ಸೀರೆಗೆ ಬ್ಲೌಸ್ ಪೀಸ್ ತರೋಕೆ ಹೋದಾಗ ಸೀರೆ ಬಣ್ಣದ ಹೆಸರು ಹೇಳ್ತೀವೇನು, ಸೀರೆನೇ ಒಯ್ತೀವಿ, ಅಂಗಡಿ ಹೊರಗೆ ಬಿಸಿಲಿಗೆ ಬಂದು ಹಿಡಿದು ನೋಡ್ತೀವಿ, ಹಂಗೇ ಇದೂ. ಕೊರೆದ ಜಾಗದ ಅಂಚಿಗೆ, ಕಣ್ಣಿನ ಎತ್ತರದಲ್ಲಿ, ಕಟರ್ ಬ್ಲೇಡಿಂದ ಎರಡು ರೂಪಾಯಿ ಕಾಯಿನ್‌ಗಿಂತ ದೊಡ್ಡ ಚಕ್ಕೆ ಪುಟ್ಟಿ ಸಮೇತ ಎಬ್ಬಿಸ್ರಿ. ಚಪ್ಪಟೆ ಇರ್ಬೇಕು, ಮುರಿದಿರಬಾರದು. ಕ್ಯಾಲೆಂಡರ್ ಹಿಂದಿಂದೋ ಸೋಫಾ ಹಿಂದಿಂದೋ ತೆಗೀಬ್ಯಾಡ್ರಿ, ಅಲ್ಲಿ ಬಣ್ಣ ಇನ್ನೂ ಹೊಸದಾಗೇ ಇರ್ತದೆ, ನಿಮಗೆ ಬೇಕಾಗಿರೋದು ಈಗ ಕಾಣೋ ಬಣ್ಣ.

ಒಯ್ಯೋ ಮುಂಚೆ ಆ ಚಕ್ಕೇನ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ ಪೂರ್ತಿ ಒಣಗಿಸ್ರಿ. ನಮ್ಮ ಕಡೆ ಇದನ್ನ ಬಿಟ್ರೆ ಕೆಲಸ ಕೆಟ್ಟಂಗೇ. ಸಂಡೂರು, ಹೊಸಪೇಟೆ ಕಡೆಯಿಂದ ಬರೋ ಕೆಂಧೂಳು ಅಂದ್ರೆ ಕಬ್ಬಿಣದ ಅದಿರಿನ ಪುಡಿ, ಐರನ್ ಆಕ್ಸೈಡ್. ಪೇಂಟಿಗೆ ಹಾಕೋ ರೆಡ್ ಆಕ್ಸೈಡೂ ರಾಸಾಯನಿಕವಾಗಿ ಅದೇ ಪದಾರ್ಥ. ಗೋಡೆ ಮೇಲೆ ಕೂತ ಕೆಂಧೂಳನ್ನ ಮಶೀನು ಬಣ್ಣ ಅಂತಾನೇ ಓದ್ತದೆ, ಓದಿ ಫಾರ್ಮುಲಾಕ್ಕೆ ಒಂದಿಷ್ಟು ರೆಡ್ ಆಕ್ಸೈಡ್ ಸೇರಿಸ್ತದೆ, ನೀವು ಮನೆಗೆ ಬಂದು ಹಚ್ಚಿದ್ರೆ ಕೆನೆ ಹೋಗಿ ಗುಲಾಬಿ ಛಾಯೆ ಬಂದಿರ್ತದೆ. ಗಿಣಿಗೇರಾ ಕಡೆ ಫ್ಯಾಕ್ಟರಿ ಹತ್ರದ ಮನೆಗಳಲ್ಲಿ ಕರಿ ಮಸಿ, ಅಲ್ಲಿ ಬಣ್ಣ ಬೂದಿ ಕಡೆಗೆ ಜಾರ್ತದೆ. ಚಕ್ಕೆ ಒರೆಸಿದಂಗೇ ನಿಮ್ಮ ಟಿವಿ ಗೋಡೇನೂ ಪೂರ್ತಿ ಒರೆಸ್ರಿ, ಇಲ್ದಿದ್ರೆ ಮತ್ತೆ ಹೊಂದಲ್ಲ.

ಅಂಗಡೀಲಿ ಕೇಳಬೇಕಾದ ಮಶೀನಿನ ಹೆಸರು ಸ್ಪೆಕ್ಟ್ರೋಫೋಟೋಮೀಟರ್, ಅಂಗಡಿಯವರು ಸ್ಪೆಕ್ಟ್ರೋ ಅಂದ್ರೆ ತಿಳ್ಕೋತಾರೆ. ಅದು ಚಕ್ಕೆ ಮೇಲೆ ಬೆಳಕು ಬಿಟ್ಟು 400ರಿಂದ 700 ನ್ಯಾನೋಮೀಟರ್‌ವರೆಗೆ, ಅಂದ್ರೆ ನಮ್ಮ ಕಣ್ಣಿಗೆ ಕಾಣೋ ಬೆಳಕಿನಲ್ಲಿ, ಯಾವುದು ಎಷ್ಟು ವಾಪಸ್ ಬಂತು ಅಂತ ಅಳೀತದೆ. ಆಮೇಲೆ ತಮ್ಮ ಕಂಪನಿ ಕಲರೆಂಟ್‌ನಲ್ಲಿ ಎಷ್ಟು ಹತ್ತಿರ ಬರ್ತದೆ ಅಂತ ಡೆಲ್ಟಾ ಇ ಅನ್ನೋ ಸಂಖ್ಯೆ ತೋರಿಸ್ತದೆ. ಅದು 1ರ ಒಳಗಿದ್ರೆ ಪಕ್ಕಪಕ್ಕ ಇಟ್ರೂ ಹೆಚ್ಚಿನವರಿಗೆ ಫರಕು ಗೊತ್ತಾಗಲ್ಲ, 2-3 ದಾಟಿತು ಅಂದ್ರೆ ಗೊತ್ತಾಗ್ತದೆ. ಒಂದೇ ಸಲ ಓದಿಸಬ್ಯಾಡ್ರಿ, ಚಕ್ಕೇನ ಸ್ವಲ್ಪ ಸರಿಸಿ ಮೂರು ಸಲ ಓದಿಸ್ರಿ. ಬರೀ ಮೊಬೈಲ್ ಫೋಟೋ ತೋರಿಸಿ ಬಣ್ಣ ಮಾಡಿಸೋರು ಇದ್ದಾರೆ, ಅದನ್ನ ಮಾತ್ರ ದಯವಿಟ್ಟು ಮಾಡಬ್ಯಾಡ್ರಿ, ಮೊಬೈಲು ತಾನೇ ಬಣ್ಣ ತಿದ್ದಿ ತೋರಿಸ್ತದೆ.

ಮಿಕ್ಸ್ ಮಾಡಿಸೋವಾಗ ಒಂದು ಕೂದಲಷ್ಟು ತಿಳಿಯಾಗೇ ಮಾಡಿಸ್ರಿ. ಬಣ್ಣ ಸೇರಿಸಬಹುದು, ಹಾಕಿದ್ದನ್ನ ತೆಗೆಯೋಕೆ ಬರಲ್ಲ, ಮಿಕ್ಸ್ ಮಾಡಿದ ಡಬ್ಬಿ ಅಂಗಡಿಯವರು ವಾಪಸ್ಸೂ ತಗೊಳ್ಳಲ್ಲ. 200 ಎಂಎಲ್ ಸಣ್ಣ ಡಬ್ಬೀಲಿ ಒಂದು ಹನಿ ಹೆಚ್ಚುಕಮ್ಮಿ ಆದ್ರೂ ಬಣ್ಣ ಬದಲಾಗ್ತದೆ, 1 ಲೀಟರ್‌ದೇ ತಗೊಳ್ರಿ. ಮನೆಗೆ ಬಂದು ಮೂಲೆಗೊಂದು ಗೇಣಗಲ ಎರಡು ಕೋಟ್ ಹಚ್ಚಿ ಮಾರನೇ ದಿನ ನೋಡ್ರಿ. ಸುಣ್ಣ ನೋಡಿ ಬೆಳೆದ ನಮಗೆ ಒಣಗಿದ ಮೇಲೆ ಬೆಳ್ಳಗಾಗ್ತದೆ ಅಂತ ರೂಢಿ ಆಗಿರ್ತದೆ, ಎಮಲ್ಷನ್ ಅದಕ್ಕೆ ಉಲ್ಟಾ, ಹಸಿ ಇದ್ದಾಗ ತಿಳಿ, ಒಣಗಿದ್ಮೇಲೆ ಗಾಢ. ಹೊಳಪೂ ಅದೇ ಇರ್ಬೇಕು, ಮ್ಯಾಟ್ ಗೋಡೆಗೆ ಮ್ಯಾಟ್, ಸಾಟಿನ್‌ಗೆ ಸಾಟಿನ್, ಬಣ್ಣ ಒಂದೇ ಇದ್ರೂ ಹೊಳಪು ಬೇರೆ ಆದ್ರೆ ಬೇರೆ ಬಣ್ಣದಂಗೇ ಕಾಣ್ತದೆ.

ಇಷ್ಟೆಲ್ಲಾ ಮಾಡಿದ್ರೂ ಕೊರೆದ ಜಾಗಕ್ಕಷ್ಟೇ ಹಚ್ಚಬ್ಯಾಡ್ರಿ. ಸಿಮೆಂಟ್ ಪೂರ್ತಿ ಒಣಗಿದ ಮೇಲೆ ಪುಟ್ಟಿ ಹಾಕಿ ಉಜ್ಜಿ ಪ್ರೈಮರ್ ಹಚ್ಚಿ (ಪ್ರೈಮರ್ ಬಿಟ್ರೆ ಆ ಜಾಗ ಪೇಂಟ್ ಜಾಸ್ತಿ ಹೀರಿ ಮಂಕಾಗ್ತದೆ), ಆಮೇಲೆ ಆ ಒಂದು ಗೋಡೇನ ಈ ಮೂಲೆಯಿಂದ ಆ ಮೂಲೆವರೆಗೆ ಪೂರ್ತಿ ಹೊಡಿಸ್ರಿ. ಮೂಲೇಲಿ ಗೋಡೆ ತಿರುಗಿದ ಕೂಡ್ಲೇ ಬೆಳಕು ಬೀಳೋ ರೀತಿನೇ ಬದಲಾಗ್ತದೆ, ಒಂದೇ ಡಬ್ಬಿ ಬಣ್ಣ ಹಚ್ಚಿದ ಎರಡು ಗೋಡೆನೂ ಅಲ್ಲಿ ಬೇರೆ ಬೇರೆ ಕಾಣ್ತವೆ, ಹಂಗಾಗಿ ಸಣ್ಣ ಫರಕು ಅಲ್ಲಿ ಮುಚ್ಚಿಹೋಗ್ತದೆ. 12 ಅಡಿ ಉದ್ದ 10 ಅಡಿ ಎತ್ತರದ ಗೋಡೆಗೆ ಎರಡು ಕೋಟ್‌ಗೆ ಸುಮಾರು 1 ಲೀಟರ್ ಸಾಕು, ಗೋಡೆ ಹೀರೋದು ಜಾಸ್ತಿ ಇದ್ರೆ ಇನ್ನೊಂದಿಷ್ಟು. ಪೂರ್ತಿ ಹಾಲ್ ಯಾಕೆ ಹೊಡಿಸ್ತೀರಿ? ಬೇಸಿಗೇಲಿ ಮಾಡಿಸೋದಾದ್ರೆ ಬೆಳಿಗ್ಗೆನೇ ಶುರು ಮಾಡಿಸ್ರಿ, ನಮ್ಮ 40 ಡಿಗ್ರಿ ಬಿಸಿಲಿಗೆ ಗೋಡೆ ಕಾದಿದ್ರೆ ರೋಲರ್ ವಾಪಸ್ ಬರೋದ್ರೊಳಗೆ ಅಂಚು ಒಣಗಿ ಪಟ್ಟೆ ಪಟ್ಟೆ ಬೀಳ್ತದೆ, ಆಮೇಲೆ ಬಣ್ಣ ಹೊಂದಿಲ್ಲ ಅಂತ ಡಬ್ಬಿಗೆ ಬೈತೀವಿ.

ಪ್ರಶ್ನೆ: ಬೇರೆ ಕಂಪನಿ ಪೇಂಟಿಂದ ಬೆಡ್‌ರೂಮ್ ಗೋಡೆಗೆ ಪ್ಯಾಚ್ ಹಚ್ಚಿಸಿದ್ವಿ, ಹಗಲು ಒಂಚೂರೂ ಗೊತ್ತಾಗಲ್ಲ, ರಾತ್ರಿ ಲೈಟ್ ಹಾಕಿದ್ರೆ ಆ ಜಾಗ ಹಸಿರು ಹಸಿರು ಕಾಣ್ತದೆ. ಪೇಂಟರ್ ಮೋಸ ಮಾಡಿದ್ನಾ?
ಓದುಗರು, ರಾಯಚೂರು

ಉತ್ತರ: ಇಲ್ಲ ಸರ್, ಪೇಂಟರ್‌ನ ಬೈಬ್ಯಾಡ್ರಿ. ಎರಡು ಕಂಪನಿ ಬೇರೆ ಬೇರೆ ಪಿಗ್ಮೆಂಟ್ (ಬಣ್ಣದ ಪುಡಿ) ಸೇರಿಸಿ ಒಂದೇ ಬಣ್ಣಕ್ಕೆ ಬಂದಿರ್ತಾರೆ, ಒಬ್ಬರು ಆಕ್ಸೈಡ್ ಹಳದಿ ಹಾಕಿದ್ರೆ ಇನ್ನೊಬ್ಬರು ಬೇರೆ ಹಳದಿ ಹಾಕಿ ಕಪ್ಪಿಂದ ಸರಿ ಮಾಡಿರ್ತಾರೆ. ಹಗಲು ಬೆಳಕಿಗೆ ಹೊಂದಿಸಿರೋದ್ರಿಂದ ಹಗಲಲ್ಲಿ ಎರಡೂ ಒಂದೇ ಕಾಣ್ತವೆ. ಎಲ್‌ಇಡಿ ಬೆಳಕಲ್ಲಿ ಕೆಲವು ಬಣ್ಣದ ಪಾಲು ಜಾಸ್ತಿ, ಕೆಲವು ಕಮ್ಮಿ, ಅದಕ್ಕೇ ರಾತ್ರಿ ಎರಡೂ ಬೇರೆ ಆಗ್ತವೆ. ಇದಕ್ಕೆ ಮೆಟಾಮೆರಿಸಂ ಅಂತಾರೆ. ಮೊದ್ಲು ಬಲ್ಬ್ ಬದಲಿಸಿ ನೋಡ್ರಿ, ಈಗ 3000 ಕೆಲ್ವಿನ್ ಹಳದಿ ಬಲ್ಬ್ ಇದ್ರೆ 6500ರ ಬಿಳಿ ಬಲ್ಬ್ ಒಂದು ರಾತ್ರಿ ಹಾಕ್ರಿ, ಖರ್ಚು ಕಮ್ಮಿ. ಆಗಲಿಲ್ಲ ಅಂದ್ರೆ ಆ ಗೋಡೆನೇ ಮೂಲೆಯಿಂದ ಮೂಲೆಗೆ. ಇನ್ನು ಮುಂದೆ ಸ್ಯಾಂಪಲ್ ಹಚ್ಚಿದಾಗ ಹಗಲೊಮ್ಮೆ, ರಾತ್ರಿ ನಿಮ್ಮದೇ ಬಲ್ಬಲ್ಲಿ ಒಮ್ಮೆ ನೋಡ್ರಿ.

ಪ್ರಶ್ನೆ: ಹೊಸ ಮನೆ ಕಟ್ಟಿಸ್ತಿದೀವಿ. ಒಂದು ಕಂಪನಿ ಶೇಡ್ ಕಾರ್ಡಲ್ಲಿ ಬಣ್ಣ ಇಷ್ಟ ಆಗಿದೆ, ಮೇಸ್ತ್ರಿ ಬೇರೆ ಕಂಪನೀಲಿ ಅದೇ ಮಾಡಿಸ್ತೀನಿ ಅಂತಿದಾನೆ. ಒಪ್ಪಬಹುದಾ?
ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಧಾರಾಳವಾಗಿ ಒಪ್ರಿ. ಪಕ್ಕದಲ್ಲಿ ಹಳೇ ಬಣ್ಣನೇ ಇಲ್ಲ ಅಂದ್ಮೇಲೆ ಕೂದಲಷ್ಟು ಫರಕು ಯಾರಿಗೆ ಕಾಣ್ಬೇಕು? ಆದ್ರೆ ಕಂಪನಿ ಬದಲಾಗೋ ನೆಪದಲ್ಲಿ ದರ್ಜೆ ಇಳಿಸೋಕೆ ಬಿಡಬ್ಯಾಡ್ರಿ, ನೀವು ನೋಡಿದ್ದು ಮೇಲಿನ ದರ್ಜೆ ಎಮಲ್ಷನ್ ಇದ್ರೆ ಅವನು ತರೋದೂ ಅದೇ ದರ್ಜೆದಾಗಿರ್ಲಿ, ಗಾಢ ಬಣ್ಣಗಳಂತೂ ಡಿಸ್ಟೆಂಪರಲ್ಲಿ ಸಾಮಾನ್ಯವಾಗಿ ಬರೋದೇ ಇಲ್ಲ. ಒಂದು ರೂಮಿಗೆ ಬೇಕಾದ ಡಬ್ಬಿ ಎಲ್ಲಾ ಒಂದೇ ಸಲ ತರಿಸಿ, ಹಚ್ಚೋ ಮುಂಚೆ ದೊಡ್ಡ ಬಕೆಟ್‌ಗೆ ಸುರಿದು ಕಲಸಿಸ್ರಿ, ಡಬ್ಬಿಯಿಂದ ಡಬ್ಬಿಗೆ ಇರೋ ಫರಕು ಅಲ್ಲೇ ಹೋಗ್ತದೆ. ಕೆಲಸ ಮುಗಿದ ಮೇಲೆ ಕಂಪನಿ, ಪೇಂಟಿನ ಹೆಸರು, ಶೇಡ್ ನಂಬರ್, ಬೇಸ್, ತಾರೀಖು ಒಂದು ಚೀಟೀಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸ್ರಿ, ಒಂದಂಗುಲ ದಪ್ಪ ಅಕ್ಷರದಲ್ಲಿ ಅಲ್ಲದಿದ್ರೂ ಓದೋಕೆ ಬರೋ ಹಂಗಿರ್ಲಿ.