ಶೇಕಡಾ 4 ಎಂದರೆ ಉಳಿದಿರುವುದಲ್ಲ, ಸವೆದಿರುವುದು

ಉಬುಂಟು ಲ್ಯಾಪ್‌ಟಾಪಿನ ಎಸ್‌ಎಸ್‌ಡಿ (ಫೈಲ್‌ಗಳನ್ನು ಉಳಿಸಿಡುವ ಡ್ರೈವ್) 62 ಡಿಗ್ರಿ ತೋರಿಸುತ್ತಿದೆ, ‘ಪರ್ಸೆಂಟೇಜ್ ಯೂಸ್ಡ್’ 4 ಎಂದಿದೆ, ಆಯುಷ್ಯ ಮುಗಿಯಿತೇ ಎಂದು ಕೇಳಿದ್ದೀರಿ. ಗಾಬರಿ ಬೇಡ, ನೀವು ಲೆಕ್ಕವನ್ನು ತಲೆಕೆಳಗಾಗಿ ಓದಿದ್ದೀರಿ. ಆ ಸಂಖ್ಯೆ ಡ್ರೈವ್ ಎಷ್ಟು ಸವೆದಿದೆ ಎಂಬುದರ ಅಂದಾಜು, ಸೊನ್ನೆಯಿಂದ ಮೇಲಕ್ಕೆ ಏರುತ್ತದೆ. ನಿಮ್ಮದು ಇನ್ನೂ ಎಳೆಯ ಡ್ರೈವ್. ನೂರು ದಾಟಿದ ಮೇಲೂ ಕೆಲಸ ಮಾಡುವ ಡ್ರೈವ್‌ಗಳಿವೆ.

ಡ್ರೈವ್‌ನ ಆರೋಗ್ಯದ ವರದಿ ಕೊಡುವ ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶ ಹಾಕಿಕೊಂಡಿದ್ದೀರಲ್ಲ, ಅದೇ ವರದಿಯಲ್ಲಿ ನಾನಾದರೆ ಮೊದಲು ನೋಡುವುದು ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸಾಲನ್ನು. ಅದು ಡೇಟಾದಲ್ಲಿ ಕಂಡ ದೋಷಗಳ ಎಣಿಕೆ, ಸೊನ್ನೆ ಇರಬೇಕು. ಏರುತ್ತಾ ಹೋದರೆ ಅಂದೇ ಫೈಲ್‌ಗಳನ್ನು ಬೇರೆಡೆ ನಕಲು ಮಾಡಿ. ‘ಕ್ರಿಟಿಕಲ್ ವಾರ್ನಿಂಗ್’ ಕೂಡ ಸೊನ್ನೆಯೇ ಇರಬೇಕು. ‘ಡೇಟಾ ಯೂನಿಟ್ಸ್ ರಿಟನ್’ (ಈವರೆಗೆ ಡ್ರೈವ್‌ಗೆ ಬರೆದ ಡೇಟಾ) ಎದುರಿನ ದೊಡ್ಡ ಅಂಕಿ ಕಂಡು ಹೌಹಾರಬೇಡಿ: ಒಂದು ಯೂನಿಟ್ ಎಂದರೆ 5,12,000 ಬೈಟ್, 2 ಕೋಟಿ ಯೂನಿಟ್ ಆದರೂ ಸುಮಾರು 10 ಟೆರಾಬೈಟ್ ಅಷ್ಟೇ.

ಬಿಸಿಯ ಮಿತಿ ಡ್ರೈವ್‌ನಿಂದ ಡ್ರೈವ್‌ಗೆ ಬೇರೆ. ‘ವಾರ್ನಿಂಗ್ ಕಾಂಪ್ ಟೆಂಪ್ ಥ್ರೆಶೋಲ್ಡ್’ ಸಾಲಿನಲ್ಲಿ ನಿಮ್ಮದರ ಮಿತಿಯೇ ಇರುತ್ತದೆ. ದೊಡ್ಡ ಫೈಲ್ ನಕಲಾಗುವಾಗ 62 ಸಹಜ. ಸುಮ್ಮನೆ ಕುಳಿತಾಗಲೂ ಅಷ್ಟೇ ಇದ್ದರೆ ಗಾಳಿಕಿಂಡಿಯ ಧೂಳು ನೋಡಿ. ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸ ನಿಮಗೂ ಇದೆಯೇ? ನನ್ನದು ಮೇಜಿಗೆ ಬಂದ ಮೇಲೆಯೇ ತಣ್ಣಗಾಯಿತು.